ಹಿಂದಿನ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರ: ಚುನಾವಣಾ ಇತಿಹಾಸ ಹಾಗೂ ಮತದಾರರಿಗೆ ಮಾಹಿತಿ

ಪೀಠಿಕೆ

ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರವು ಈಗ ಅಸ್ತಿತ್ವದಲ್ಲಿರುವುದಿಲ್ಲ. 2008ರ ಕ್ಷೇತ್ರ ಪುನರ್‌ವಿಂಗಡಣೆಯಲ್ಲಿ ಈ ಕ್ಷೇತ್ರವನ್ನು ಕೈಬಿಡಲಾಯಿತು. 2004ರ ಏಪ್ರಿಲ್ ತಿಂಗಳಿನಲ್ಲಿ ನಡೆದ ಮತದಾನವೇ ಈ ಹೆಸರಿನ ಕ್ಷೇತ್ರದ ಕೊನೆಯ ಸಾರ್ವತ್ರಿಕ ಚುನಾವಣೆಯಾಗಿತ್ತು. ಆ ಚುನಾವಣೆಯಲ್ಲಿ ಗೆದ್ದ ಅಭ್ಯರ್ಥಿಗೂ ಅವರ ಸಮೀಪದ ಪ್ರತಿಸ್ಪರ್ಧಿಗೂ ಇದ್ದ ಅಂತರ ಕೇವಲ 1 ಮತ.

ಕ್ಷೇತ್ರವು ಇಲ್ಲವಾದರೂ ಅದರ ಹೆಸರು ಹಳೆಯ ಮತದಾರರ ಪಟ್ಟಿಗಳಲ್ಲಿ, 2008ಕ್ಕೆ ಮೊದಲು ವಿತರಿಸಲಾದ ಗುರುತಿನ ಚೀಟಿಗಳಲ್ಲಿ ಮತ್ತು ಹಳೆಯ ನಕ್ಷೆಗಳಲ್ಲಿ ಉಳಿದಿದೆ. ಇದರಿಂದಾಗಿ ಆ ಭಾಗದ ನಾಗರಿಕರಿಗೆ, ವಿಶೇಷವಾಗಿ ಊರು ಬಿಟ್ಟು ಬೇರೆಡೆ ನೆಲೆಸಿರುವವರಿಗೆ, ತಮ್ಮ ಹೆಸರು ಯಾವ ಕ್ಷೇತ್ರದ ಪಟ್ಟಿಯಲ್ಲಿದೆ, ಹಳೆಯ ಚೀಟಿ ನಡೆಯುತ್ತದೆಯೇ ಎಂಬ ಸಂದೇಹಗಳು ಉಂಟಾಗುವುದು ಸಹಜ. ಈ ಕ್ಷೇತ್ರದ ಹಿನ್ನೆಲೆ, ಅದರ ಕೊನೆಯ ಫಲಿತಾಂಶ, ಅದು ರದ್ದಾದ ಕಾರಣ ಹಾಗೂ ಈಗ ಮತದಾರರು ಅನುಸರಿಸಬೇಕಾದ ಕ್ರಮಗಳನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

ಪ್ರದೇಶದ ಹಿನ್ನೆಲೆ

ಸಂತೇಮರಹಳ್ಳಿಯು ಚಾಮರಾಜನಗರ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಅದರ ನೆರೆಯಲ್ಲಿರುವ ಯಳಂದೂರು ಒಂದು ಕಾಲದಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಪ್ರದೇಶವಾಗಿದ್ದು, ಬಿಳಿಗಿರಿರಂಗನ ಬೆಟ್ಟವು ಇದೇ ತಾಲ್ಲೂಕಿನಲ್ಲಿದೆ. ಈ ಎರಡೂ ಭಾಗಗಳು ಹಿಂದಿನ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಪಕ್ಕದ ಕೊಳ್ಳೇಗಾಲ ತಾಲ್ಲೂಕು ಮಾತ್ರ 1956ರ ನವೆಂಬರ್ 1ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆದ್ದರಿಂದ 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಯಳಂದೂರಿನ ಮತದಾರರು ಮೈಸೂರು ವಿಧಾನಸಭೆಗೂ, ಕೊಳ್ಳೇಗಾಲದ ಮತದಾರರು ಮದ್ರಾಸ್ ವಿಧಾನಸಭೆಗೂ ತಮ್ಮ ಪ್ರತಿನಿಧಿಗಳನ್ನು ಆರಿಸಿದರು. ರಾಜ್ಯ ಪುನರ್‌ವಿಂಗಡಣೆಯ ನಂತರ ಇವೆಲ್ಲವೂ ಮೈಸೂರು ಜಿಲ್ಲೆಗೆ ಸೇರಿದವು. 1997ರಲ್ಲಿ ಮೈಸೂರು ಜಿಲ್ಲೆಯನ್ನು ವಿಭಜಿಸಿ ಚಾಮರಾಜನಗರ ಜಿಲ್ಲೆಯನ್ನು ರಚಿಸಲಾಯಿತು.

ಕ್ಷೇತ್ರಗಳ ಗಡಿಗಳು ಶಾಶ್ವತವಲ್ಲ ಎಂಬುದನ್ನು ರಾಜ್ಯ ವಿಧಾನಸಭೆಯ ಸ್ಥಾನಗಳ ಸಂಖ್ಯೆಯೇ ತೋರಿಸುತ್ತದೆ. 1957 ಮತ್ತು 1962ರ ಚುನಾವಣೆಗಳಲ್ಲಿ ಮೈಸೂರು ವಿಧಾನಸಭೆಗೆ 208 ಸ್ಥಾನಗಳಿದ್ದವು. 1967 ಮತ್ತು 1972ರಲ್ಲಿ ಈ ಸಂಖ್ಯೆ 216 ಆಯಿತು. 1976ರ ಸಂಸದೀಯ ಮತ್ತು ವಿಧಾನಸಭಾ ಕ್ಷೇತ್ರಗಳ ಪುನರ್‌ವಿಂಗಡಣಾ ಆದೇಶದ ಮೇರೆಗೆ 1978ರ ಚುನಾವಣೆಯಿಂದ 224 ಸ್ಥಾನಗಳು ಜಾರಿಗೆ ಬಂದವು. ಇದೇ ಆದೇಶದ ಗಡಿಗಳಲ್ಲಿ 1978, 1983, 1985, 1989, 1994, 1999 ಮತ್ತು 2004ರಲ್ಲಿ ಒಟ್ಟು 7 ಸಾರ್ವತ್ರಿಕ ಚುನಾವಣೆಗಳು ನಡೆದವು. ಸಂತೇಮರಹಳ್ಳಿ ಕ್ಷೇತ್ರವು ಈ ವ್ಯವಸ್ಥೆಯ ಭಾಗವಾಗಿದ್ದು, ಪರಿಶಿಷ್ಟ ಜಾತಿಗೆ ಮೀಸಲಾಗಿತ್ತು. ಆಗ ಇಂದಿನ ಚಾಮರಾಜನಗರ ಜಿಲ್ಲೆಯ ವ್ಯಾಪ್ತಿಯಲ್ಲಿ ಸಂತೇಮರಹಳ್ಳಿ, ಕೊಳ್ಳೇಗಾಲ, ಹನೂರು, ಚಾಮರಾಜನಗರ ಮತ್ತು ಗುಂಡ್ಲುಪೇಟೆ ಎಂಬ 5 ಕ್ಷೇತ್ರಗಳಿದ್ದವು.

ಮೀಸಲು ಕ್ಷೇತ್ರದ ಅರ್ಥ

ಮೀಸಲು ಕ್ಷೇತ್ರ ಎಂಬ ಪದದ ಬಗ್ಗೆ ಕೆಲವರಲ್ಲಿ ತಪ್ಪು ತಿಳಿವಳಿಕೆ ಇರುವುದುಂಟು. ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರದಲ್ಲಿ ಆ ಜಾತಿಗಳಿಗೆ ಸೇರಿದವರು ಮಾತ್ರ ಅಭ್ಯರ್ಥಿಗಳಾಗಬಹುದು. ಆದರೆ ಮತ ನೀಡುವ ಹಕ್ಕು ಆ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರಿಗೂ ಸಮಾನವಾಗಿರುತ್ತದೆ. ಮತದಾರರ ಪಟ್ಟಿಯು ಎಲ್ಲ ಜಾತಿ, ಧರ್ಮದವರಿಗೂ ಒಂದೇ.

1952 ಮತ್ತು 1957ರ ಚುನಾವಣೆಗಳಲ್ಲಿ ಕೆಲವು ಕ್ಷೇತ್ರಗಳಿಂದ ಇಬ್ಬರು ಸದಸ್ಯರನ್ನು ಆರಿಸುವ ಪದ್ಧತಿಯಿತ್ತು. ಅಂತಹ ಹಲವು ಕ್ಷೇತ್ರಗಳಲ್ಲಿ ಒಂದು ಸ್ಥಾನ ಸಾಮಾನ್ಯ, ಇನ್ನೊಂದು ಮೀಸಲು ಆಗಿರುತ್ತಿತ್ತು. 1961ರ ಕಾಯಿದೆಯ ಮೂಲಕ ದ್ವಿಸದಸ್ಯ ಕ್ಷೇತ್ರಗಳನ್ನು ರದ್ದುಪಡಿಸಲಾಯಿತು. ಆ ನಂತರ ಪ್ರತಿ ಕ್ಷೇತ್ರಕ್ಕೂ ಒಬ್ಬನೇ ಸದಸ್ಯ ಎಂಬ ನಿಯಮ ಜಾರಿಯಲ್ಲಿದೆ.

ಮೀಸಲಾತಿಯ ಮೂಲಕ ಈ ಭಾಗದಿಂದ ಬಂದ ಜನಪ್ರತಿನಿಧಿಗಳಲ್ಲಿ ಶ್ರೀ ಬಿ. ರಾಚಯ್ಯನವರು ಪ್ರಮುಖರು. ಅವರು ರಾಜ್ಯ ರಾಜಕಾರಣದಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿ, 1990ರಿಂದ 1995ರವರೆಗೆ ಕೇರಳದ ರಾಜ್ಯಪಾಲರಾಗಿದ್ದರು. 2004ರ ಚುನಾವಣೆಯ ಇಬ್ಬರು ಪ್ರಮುಖ ಅಭ್ಯರ್ಥಿಗಳಲ್ಲಿ ಒಬ್ಬರಾದ ಶ್ರೀ ಎ.ಆರ್. ಕೃಷ್ಣಮೂರ್ತಿಯವರು ಅವರ ಪುತ್ರರು.

2004ರ ಚುನಾವಣೆ

2004ರಲ್ಲಿ ಲೋಕಸಭೆ ಮತ್ತು ಕರ್ನಾಟಕ ವಿಧಾನಸಭೆಗಳಿಗೆ ಒಟ್ಟಿಗೆ ಚುನಾವಣೆ ನಡೆಯಿತು. ರಾಜ್ಯದಲ್ಲಿ ಏಪ್ರಿಲ್ 20 ಮತ್ತು 26ರಂದು ಎರಡು ಹಂತಗಳಲ್ಲಿ ಮತದಾನವಾಗಿ, ಮೇ 13ರಂದು ಮತ ಎಣಿಕೆ ನಡೆಯಿತು. ಎಲ್ಲ ಕ್ಷೇತ್ರಗಳಲ್ಲಿಯೂ ವಿದ್ಯುನ್ಮಾನ ಮತಯಂತ್ರಗಳನ್ನು ಬಳಸಲಾಗಿತ್ತು.

ಸಂತೇಮರಹಳ್ಳಿ ಕ್ಷೇತ್ರದ ಫಲಿತಾಂಶ ಹೀಗಿತ್ತು:

ಶ್ರೀ ಆರ್. ಧ್ರುವನಾರಾಯಣ (ಕಾಂಗ್ರೆಸ್): 40,752 ಮತಗಳು
ಶ್ರೀ ಎ.ಆರ್. ಕೃಷ್ಣಮೂರ್ತಿ (ಜನತಾದಳ ಜಾತ್ಯತೀತ): 40,751 ಮತಗಳು
ಅಂತರ: 1 ಮತ

ಇವರಿಬ್ಬರಿಗೇ ಬಂದ ಮತಗಳು ಒಟ್ಟು 81,503. ಸೋತ ಅಭ್ಯರ್ಥಿಗೆ ಇನ್ನೊಂದೇ ಮತ ಬಂದಿದ್ದರೆ ಇಬ್ಬರದೂ ಸಮನಾಗುತ್ತಿತ್ತು. ಗೆದ್ದವರಿಗೆ ಮತ ನೀಡಿದ ಒಬ್ಬರೇ ಒಬ್ಬ ಮತದಾರರು ತಮ್ಮ ಮತವನ್ನು ಇನ್ನೊಬ್ಬರಿಗೆ ನೀಡಿದ್ದರೆ ಫಲಿತಾಂಶವೇ ತಿರುಗುಮುರುಗಾಗುತ್ತಿತ್ತು.

ಆ ವರ್ಷ ರಾಜ್ಯದಲ್ಲಿ ಯಾವ ಪಕ್ಷಕ್ಕೂ ಬಹುಮತ ದೊರೆಯಲಿಲ್ಲ. ಭಾರತೀಯ ಜನತಾ ಪಕ್ಷವು 79, ಕಾಂಗ್ರೆಸ್ 65 ಮತ್ತು ಜನತಾದಳ (ಜಾತ್ಯತೀತ) 58 ಸ್ಥಾನಗಳನ್ನು ಪಡೆದವು. ಕಾಂಗ್ರೆಸ್ಸಿನ 65 ಸ್ಥಾನಗಳಲ್ಲಿ ಒಂದು ಈ 1 ಮತದ ಅಂತರದಿಂದ ಬಂದದ್ದು. ಸಂತೇಮರಹಳ್ಳಿಯಲ್ಲಿ ಪರಸ್ಪರ ಎದುರಾಗಿದ್ದ ಎರಡು ಪಕ್ಷಗಳೇ ನಂತರ ಸೇರಿ ಶ್ರೀ ಎನ್. ಧರ್ಮಸಿಂಗ್ ಅವರ ನೇತೃತ್ವದಲ್ಲಿ ಮೇ 28ರಂದು ಸಮ್ಮಿಶ್ರ ಸರ್ಕಾರ ರಚಿಸಿದವು.

ಸೋತ ಅಭ್ಯರ್ಥಿಯ ವಾಹನ ಚಾಲಕರಿಗೇ ಅಂದು ಮತಗಟ್ಟೆಗೆ ಹೋಗಿ ಬರಲು ಬಿಡುವು ದೊರೆಯಲಿಲ್ಲ ಎಂಬ ವರದಿ ಪತ್ರಿಕೆಗಳಲ್ಲಿ ಹಲವು ಬಾರಿ ಪ್ರಕಟವಾಗಿದೆ. ಮತದಾನದ ದಿನ ಕೆಲಸದ ಒತ್ತಡದಿಂದಾಗಿ ಮತ ಹಾಕಲಾಗದೆ ಉಳಿಯುವವರು ಎಲ್ಲ ಕ್ಷೇತ್ರಗಳಲ್ಲಿಯೂ ಇರುತ್ತಾರೆ. ಅವರಿಗೆ ಕಾನೂನಿನಲ್ಲಿರುವ ರಕ್ಷಣೆಯನ್ನು ಮುಂದೆ ತಿಳಿಸಲಾಗಿದೆ.

ಅಂತರ ಕಡಿಮೆಯಿದ್ದಾಗ ಕಾನೂನು ಏನು ಹೇಳುತ್ತದೆ

1) ಮತಗಳು ಸಮನಾದಲ್ಲಿ: 1951ರ ಪ್ರಜಾಪ್ರತಿನಿಧಿ ಕಾಯಿದೆಯ 65ನೇ ಪ್ರಕರಣದಂತೆ, ಇಬ್ಬರು ಅಭ್ಯರ್ಥಿಗಳ ಮತಗಳು ಸಮನಾಗಿ, ಒಂದು ಮತ ಸೇರಿದರೆ ಅವರಲ್ಲೊಬ್ಬರು ಗೆಲ್ಲುವಂತಿದ್ದಲ್ಲಿ, ಚುನಾವಣಾಧಿಕಾರಿಯು ಚೀಟಿ ಎತ್ತುವ ಮೂಲಕ ತೀರ್ಮಾನಿಸುತ್ತಾರೆ. ಚೀಟಿ ಯಾರ ಪರವಾಗಿ ಬರುತ್ತದೆಯೋ ಅವರಿಗೆ ಒಂದು ಹೆಚ್ಚುವರಿ ಮತ ಬಂದಂತೆ ಪರಿಗಣಿಸಲಾಗುತ್ತದೆ. ಸಂತೇಮರಹಳ್ಳಿಯ ಫಲಿತಾಂಶವು ಈ ಹಂತಕ್ಕಿಂತ ಒಂದೇ ಮತದಷ್ಟು ದೂರದಲ್ಲಿತ್ತು.

2) ಮರು ಎಣಿಕೆ: 1961ರ ಚುನಾವಣೆ ನಡೆಸುವ ನಿಯಮಗಳ 63ನೇ ನಿಯಮದಂತೆ, ಒಟ್ಟು ಮತಗಳನ್ನು ಪ್ರಕಟಿಸಿದ ನಂತರ ಅಭ್ಯರ್ಥಿ ಅಥವಾ ಅವರ ಏಜೆಂಟರು ಕಾರಣಗಳನ್ನು ನಮೂದಿಸಿ ಮರು ಎಣಿಕೆಗೆ ಲಿಖಿತ ಅರ್ಜಿ ಸಲ್ಲಿಸಬಹುದು. ಚುನಾವಣಾಧಿಕಾರಿಯು ಅದನ್ನು ಪೂರ್ಣವಾಗಿ ಅಥವಾ ಭಾಗಶಃ ಒಪ್ಪಬಹುದು, ಇಲ್ಲವೆ ಆಧಾರವಿಲ್ಲದಿದ್ದಲ್ಲಿ ತಿರಸ್ಕರಿಸಬಹುದು. ತೀರ್ಮಾನವನ್ನು ಕಾರಣಗಳೊಂದಿಗೆ ಬರವಣಿಗೆಯಲ್ಲಿ ದಾಖಲಿಸಬೇಕು.

3) ಅಂಚೆ ಮತಪತ್ರಗಳು: ತಿರಸ್ಕೃತವಾದ ಅಂಚೆ ಮತಪತ್ರಗಳ ಸಂಖ್ಯೆಗಿಂತ ಗೆಲುವಿನ ಅಂತರ ಕಡಿಮೆಯಿದ್ದಲ್ಲಿ, ಫಲಿತಾಂಶ ಘೋಷಿಸುವ ಮೊದಲು ಆ ಎಲ್ಲ ಮತಪತ್ರಗಳನ್ನು ಮತ್ತೊಮ್ಮೆ ಪರಿಶೀಲಿಸಬೇಕೆಂದು ಭಾರತ ಚುನಾವಣಾ ಆಯೋಗವು ಸೂಚಿಸಿದೆ. 2023ರಲ್ಲಿ ಬೆಂಗಳೂರಿನ ಜಯನಗರ ಕ್ಷೇತ್ರದಲ್ಲಿ ಇಂತಹ ಪರಿಶೀಲನೆಯ ನಂತರ 16 ಮತಗಳ ಅಂತರದಲ್ಲಿ ಫಲಿತಾಂಶ ಘೋಷಣೆಯಾಯಿತು.

4) ಚುನಾವಣಾ ತಕರಾರು ಅರ್ಜಿ: ಫಲಿತಾಂಶ ಘೋಷಣೆಯಾದ ಮೇಲೆ ಅದನ್ನು ಪ್ರಶ್ನಿಸಲು ಉಚ್ಚ ನ್ಯಾಯಾಲಯಕ್ಕೆ ಮಾತ್ರ ಹೋಗಬಹುದು. ಅಭ್ಯರ್ಥಿಯು ಅಥವಾ ಆ ಕ್ಷೇತ್ರದ ಮತದಾರರು 45 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು.

ಇಂತಹ ಫಲಿತಾಂಶ ಒಂದೇ ಬಾರಿಯ ಆಕಸ್ಮಿಕವಲ್ಲ. 2008ರಲ್ಲಿ ರಾಜಸ್ಥಾನದ ನಾಥದ್ವಾರ ವಿಧಾನಸಭಾ ಕ್ಷೇತ್ರದಲ್ಲಿಯೂ ಗೆದ್ದವರಿಗೆ 62,216 ಮತ್ತು ಸೋತವರಿಗೆ 62,215 ಮತಗಳು ಬಂದು, 1 ಮತದ ಅಂತರದಲ್ಲಿ ತೀರ್ಪು ಹೊರಬಿದ್ದಿತು.

ಒಂದು ಮತ ಎಲ್ಲಿ ಕೈತಪ್ಪುತ್ತದೆ

ಮತ ಚಲಾವಣೆಯಾಗದಿರಲು ಮತದಾರರ ನಿರಾಸಕ್ತಿ ಒಂದೇ ಕಾರಣವಲ್ಲ. ತಪ್ಪಿಸಬಹುದಾದ ಬೇರೆ ಕಾರಣಗಳೂ ಇವೆ.

ಪಟ್ಟಿಯಲ್ಲಿ ಹೆಸರಿಲ್ಲದಿರುವುದು: ಗುರುತಿನ ಚೀಟಿ ಕೈಯಲ್ಲಿದ್ದ ಮಾತ್ರಕ್ಕೆ ಮತದಾನದ ಹಕ್ಕು ಬರುವುದಿಲ್ಲ. ಮತಗಟ್ಟೆಯ ಪಟ್ಟಿಯಲ್ಲಿ ಹೆಸರಿರಲೇಬೇಕು. ನಾಮಪತ್ರ ಸಲ್ಲಿಕೆಯ ಕೊನೆಯ ದಿನಾಂಕದ ನಂತರ ಚುನಾವಣೆ ಮುಗಿಯುವವರೆಗೆ ಪಟ್ಟಿಗೆ ಯಾವುದೇ ಹೆಸರು ಸೇರಿಸಲು ಅವಕಾಶವಿಲ್ಲ. ಮತದಾನದ ದಿನ ಮತಗಟ್ಟೆಗೆ ಬಂದು ಹೆಸರಿಲ್ಲವೆಂದು ತಿಳಿದವರಿಗೆ ಆಗ ಯಾವ ಪರಿಹಾರವೂ ಇರುವುದಿಲ್ಲ.

ಕೆಲಸದಿಂದ ಬಿಡುವು ದೊರೆಯದಿರುವುದು: 1951ರ ಕಾಯಿದೆಯ 135ಬಿ ಪ್ರಕರಣದಂತೆ, ಯಾವುದೇ ವ್ಯಾಪಾರ, ಉದ್ದಿಮೆ ಅಥವಾ ಸಂಸ್ಥೆಯಲ್ಲಿ ದುಡಿಯುವ ಮತದಾರರಿಗೆ ಮತದಾನದ ದಿನ ವೇತನ ಸಹಿತ ರಜೆ ನೀಡಬೇಕು. ದಿನಗೂಲಿ ನೌಕರರಿಗೂ ಇದು ಅನ್ವಯಿಸುತ್ತದೆ. ಅವರ ಗೈರುಹಾಜರಿಯಿಂದ ಅಪಾಯ ಅಥವಾ ಭಾರಿ ನಷ್ಟ ಉಂಟಾಗುವಂತಹ ಕೆಲಸಗಳಿಗೆ ಮಾತ್ರ ವಿನಾಯಿತಿ ಇದೆ.

ಚುನಾವಣಾ ಕರ್ತವ್ಯದಲ್ಲಿರುವುದು: ಮತಗಟ್ಟೆ ಸಿಬ್ಬಂದಿ, ಪೊಲೀಸರು ಹಾಗೂ ಚುನಾವಣಾ ಕೆಲಸಕ್ಕೆ ಪಡೆದ ವಾಹನಗಳ ಚಾಲಕರು ಮತ್ತು ಸಹಾಯಕರು ಅಂಚೆ ಮತಪತ್ರ ಅಥವಾ ಚುನಾವಣಾ ಕರ್ತವ್ಯ ಪ್ರಮಾಣಪತ್ರಕ್ಕೆ ಅರ್ಹರು. ಅಭ್ಯರ್ಥಿಗಳ ಪರವಾಗಿ ಕೆಲಸ ಮಾಡುವ ಚಾಲಕರು ಮತ್ತು ಕಾರ್ಯಕರ್ತರಿಗೆ ಈ ಸೌಲಭ್ಯವಿಲ್ಲ. ಅವರು ತಮ್ಮ ಮತಗಟ್ಟೆಗೆ ಹೋಗಿಯೇ ಮತ ಚಲಾಯಿಸಬೇಕು.

ತಮ್ಮ ಹೆಸರಿನಲ್ಲಿ ಬೇರೆಯವರು ಮತ ಹಾಕಿರುವುದು: ಹೀಗಾಗಿದ್ದಲ್ಲಿ ಮತದಾರರು ಹಿಂತಿರುಗಿ ಹೋಗಬೇಕಾಗಿಲ್ಲ. ಗುರುತಿನ ಬಗ್ಗೆ ಮತಗಟ್ಟೆ ಅಧ್ಯಕ್ಷಾಧಿಕಾರಿಯ ಪ್ರಶ್ನೆಗಳಿಗೆ ತೃಪ್ತಿಕರವಾಗಿ ಉತ್ತರಿಸಿದಲ್ಲಿ ಅವರಿಗೆ ಕಾಗದದ ಮತಪತ್ರ ನೀಡಲಾಗುತ್ತದೆ. ಇದಕ್ಕೆ ಟೆಂಡರ್ ಮತ ಎನ್ನುತ್ತಾರೆ. ಇದನ್ನು ಪ್ರತ್ಯೇಕ ಲಕೋಟೆಯಲ್ಲಿ ಮೊಹರು ಮಾಡಿ ಇಡಲಾಗುತ್ತದೆ. ಸಾಮಾನ್ಯ ಎಣಿಕೆಯಲ್ಲಿ ಇದನ್ನು ಸೇರಿಸುವುದಿಲ್ಲವಾದರೂ, ಅಂತರ ಅತಿ ಕಡಿಮೆಯಿದ್ದು ತಕರಾರು ಅರ್ಜಿ ಸಲ್ಲಿಕೆಯಾದಲ್ಲಿ ನ್ಯಾಯಾಲಯವು ಇದನ್ನು ಪರಿಶೀಲಿಸಬಹುದು.

ತಡವಾಗಿ ತಲುಪುವುದು: ಮತದಾನ ಮುಕ್ತಾಯದ ವೇಳೆಗೆ ಸಾಲಿನಲ್ಲಿ ನಿಂತಿರುವ ಎಲ್ಲರಿಗೂ ಚೀಟಿ ನೀಡಿ, ಎಷ್ಟೇ ಹೊತ್ತಾದರೂ ಮತ ಹಾಕಲು ಅವಕಾಶ ನೀಡಲಾಗುತ್ತದೆ. ಆ ವೇಳೆಯ ನಂತರ ಬಂದವರಿಗೆ ಅವಕಾಶವಿರುವುದಿಲ್ಲ.

ಕ್ಷೇತ್ರವು ಏಕೆ ರದ್ದಾಯಿತು

ಸಂತೇಮರಹಳ್ಳಿ ಕ್ಷೇತ್ರವು ರದ್ದಾದುದಕ್ಕೂ ಅಲ್ಲಿಯ 2004ರ ಫಲಿತಾಂಶಕ್ಕೂ ಸಂಬಂಧವಿಲ್ಲ. ಅದಕ್ಕೆ ಕಾರಣ ಜನಸಂಖ್ಯೆಯ ಲೆಕ್ಕ.

2002ರ ಕ್ಷೇತ್ರ ಪುನರ್‌ವಿಂಗಡಣಾ ಕಾಯಿದೆಯಂತೆ ಸರ್ವೋಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಶ್ರೀ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯಲ್ಲಿ ಆಯೋಗವನ್ನು ರಚಿಸಲಾಯಿತು. ರಾಜ್ಯದ ಒಟ್ಟು ಸ್ಥಾನಗಳನ್ನು 224ಕ್ಕೇ ಉಳಿಸಿಕೊಂಡು, 2001ರ ಜನಗಣತಿಯ ಆಧಾರದ ಮೇಲೆ ಪ್ರತಿ ಕ್ಷೇತ್ರದ ಜನಸಂಖ್ಯೆ ಸಾಧ್ಯವಾದಷ್ಟು ಸಮನಾಗಿರುವಂತೆ ಗಡಿಗಳನ್ನು ಹೊಸದಾಗಿ ಗುರುತಿಸುವುದು ಆಯೋಗದ ಕೆಲಸವಾಗಿತ್ತು.

2001ರಲ್ಲಿ ರಾಜ್ಯದ ಜನಸಂಖ್ಯೆ ಸುಮಾರು 5 ಕೋಟಿ 28 ಲಕ್ಷ. ಇದನ್ನು 224ರಿಂದ ಭಾಗಿಸಿದರೆ ಪ್ರತಿ ಕ್ಷೇತ್ರಕ್ಕೆ ಸರಾಸರಿ 2 ಲಕ್ಷ 36 ಸಾವಿರದಷ್ಟು ಜನಸಂಖ್ಯೆ ಬರುತ್ತದೆ. ಚಾಮರಾಜನಗರ ಜಿಲ್ಲೆಯ ಜನಸಂಖ್ಯೆ ಆಗ ಸುಮಾರು 9 ಲಕ್ಷ 65 ಸಾವಿರ ಇದ್ದುದರಿಂದ, ಈ ಲೆಕ್ಕದಂತೆ ಜಿಲ್ಲೆಯ ಪಾಲು 4 ಸ್ಥಾನಗಳಿಗಿಂತ ಅತ್ಯಲ್ಪ ಹೆಚ್ಚು. ಹೀಗಾಗಿ ಹಿಂದೆ ಇದ್ದ 5 ಸ್ಥಾನಗಳು 4ಕ್ಕೆ ಇಳಿದವು. ಇದೇ ಲೆಕ್ಕದಲ್ಲಿ ಸುಮಾರು 65 ಲಕ್ಷ 37 ಸಾವಿರ ಜನಸಂಖ್ಯೆಯಿದ್ದ ಬೆಂಗಳೂರು ನಗರ ಜಿಲ್ಲೆಗೆ 28 ಸ್ಥಾನಗಳು ದೊರೆತವು. 1976ರ ಗಡಿಗಳು 30 ವರ್ಷಗಳ ಕಾಲ ಬದಲಾಗದೆ ಉಳಿದಿದ್ದ ಅವಧಿಯಲ್ಲಿ ಜನರು ಹಳ್ಳಿಗಳಿಂದ ನಗರಗಳಿಗೆ ವಲಸೆ ಹೋಗಿದ್ದುದರ ಪರಿಣಾಮ ಇದರಲ್ಲಿ ಕಾಣುತ್ತದೆ.

ಗಡಿ ಗುರುತಿಸುವಾಗ ಪ್ರದೇಶದ ಭೌಗೋಳಿಕ ಲಕ್ಷಣ, ಆಡಳಿತ ಘಟಕಗಳ ಗಡಿ, ಸಂಪರ್ಕ ಸೌಲಭ್ಯ ಮತ್ತು ಸಾರ್ವಜನಿಕರ ಅನುಕೂಲವನ್ನು ಗಮನಿಸಬೇಕೆಂದು ಕಾಯಿದೆ ಹೇಳುತ್ತದೆ. ಪರಿಶಿಷ್ಟ ಜಾತಿಯ ಮೀಸಲು ಸ್ಥಾನಗಳನ್ನು ರಾಜ್ಯದ ಬೇರೆ ಬೇರೆ ಭಾಗಗಳಿಗೆ ಹಂಚಿ, ಆ ಜನಸಂಖ್ಯೆಯ ಪ್ರಮಾಣ ಹೆಚ್ಚಿರುವೆಡೆ ಗುರುತಿಸಬೇಕು. ಈ ಪ್ರಕ್ರಿಯೆಯಲ್ಲಿ ರಾಜ್ಯದಲ್ಲಿ ಪರಿಶಿಷ್ಟ ಜಾತಿಯ ಮೀಸಲು ಸ್ಥಾನಗಳು 33ರಿಂದ 36ಕ್ಕೂ, ಪರಿಶಿಷ್ಟ ಪಂಗಡದ ಸ್ಥಾನಗಳು 2ರಿಂದ 15ಕ್ಕೂ ಏರಿದವು. ಆದರೆ ಚಾಮರಾಜನಗರ ಜಿಲ್ಲೆಯಲ್ಲಿ ಸಂತೇಮರಹಳ್ಳಿ ಮತ್ತು ಕೊಳ್ಳೇಗಾಲ ಎಂಬ ಎರಡು ಮೀಸಲು ಕ್ಷೇತ್ರಗಳಿದ್ದ ಕಡೆ ಕೊಳ್ಳೇಗಾಲ ಒಂದೇ ಉಳಿಯಿತು.

ಆಯೋಗವು ಕರಡನ್ನು ಪ್ರಕಟಿಸಿ, ಆಕ್ಷೇಪಣೆಗಳನ್ನು ಆಹ್ವಾನಿಸಿ, ಸಾರ್ವಜನಿಕ ಸಭೆಗಳಲ್ಲಿ ಅಹವಾಲುಗಳನ್ನು ಆಲಿಸಿದ ನಂತರ ಅಂತಿಮ ಆದೇಶ ಹೊರಡಿಸುತ್ತದೆ. ಸಾರ್ವಜನಿಕರು ತಮ್ಮ ಊರಿನ ಬಗ್ಗೆ ಮಾತನಾಡಲು ಅವಕಾಶವಿರುವುದು ಕರಡಿನ ಹಂತದಲ್ಲಿಯೇ. ಹೊಸ ಗಡಿಗಳು 2008ರ ಫೆಬ್ರವರಿ 19ರ ರಾಷ್ಟ್ರಪತಿಗಳ ಆದೇಶದ ಮೂಲಕ ಜಾರಿಗೆ ಬಂದವು. ಈ ಗಡಿಗಳಲ್ಲಿ ಸಾರ್ವತ್ರಿಕ ಚುನಾವಣೆ ನಡೆದ ಮೊದಲ ರಾಜ್ಯ ಕರ್ನಾಟಕ. 2008ರ ಮೇ 10, 16 ಮತ್ತು 22ರಂದು ಇಲ್ಲಿ ಮತದಾನ ನಡೆಯಿತು.

ನಂತರದ ಬೆಳವಣಿಗೆ

ಸಂತೇಮರಹಳ್ಳಿ ಮತ್ತು ಯಳಂದೂರು ತಾಲ್ಲೂಕು ಈಗ 222ನೇ ಸಂಖ್ಯೆಯ ಕೊಳ್ಳೇಗಾಲ (ಪರಿಶಿಷ್ಟ ಜಾತಿ) ಕ್ಷೇತ್ರದಲ್ಲಿವೆ. 1952ರಲ್ಲಿ ಬೇರೆ ಬೇರೆ ರಾಜ್ಯಗಳ ವಿಧಾನಸಭೆಗಳಿಗೆ ಮತ ನೀಡಿದ್ದ ನೆರೆಹೊರೆಯ ಊರುಗಳು ಹೀಗೆ ಒಂದೇ ಕ್ಷೇತ್ರದಲ್ಲಿ ಸೇರಿದವು.

2004ರ ಇಬ್ಬರು ಸ್ಪರ್ಧಿಗಳ ಸಾರ್ವಜನಿಕ ಜೀವನವೂ ಹೊಸ ಗಡಿಗಳಲ್ಲಿ ಮುಂದುವರಿಯಿತು. ಶ್ರೀ ಧ್ರುವನಾರಾಯಣ ಅವರು 2008ರಲ್ಲಿ ಕೊಳ್ಳೇಗಾಲದಿಂದ ವಿಧಾನಸಭೆಗೆ ಆಯ್ಕೆಯಾದರು. 2009ರ ಲೋಕಸಭಾ ಚುನಾವಣೆಯಲ್ಲಿ ಚಾಮರಾಜನಗರ ಕ್ಷೇತ್ರದಲ್ಲಿ ಇವರಿಬ್ಬರೂ ಮತ್ತೆ ಎದುರಾಗಿ, ಶ್ರೀ ಧ್ರುವನಾರಾಯಣ ಅವರು ಸುಮಾರು 4 ಸಾವಿರ ಮತಗಳಿಂದ ಗೆದ್ದರು. 2014ರಲ್ಲಿ ಅದೇ ಇಬ್ಬರ ನಡುವಿನ ಅಂತರ 1 ಲಕ್ಷ 40 ಸಾವಿರವನ್ನು ದಾಟಿತು. 2019ರಲ್ಲಿ ಅವರು ಶ್ರೀ ವಿ. ಶ್ರೀನಿವಾಸ ಪ್ರಸಾದ್ ಅವರೆದುರು 1,817 ಮತಗಳಿಂದ ಸೋತರು. ಒಂದು ಮತದಿಂದ ಶಾಸಕರಾಗಿ ಆರಂಭವಾದ ಅವರ ಸಾರ್ವಜನಿಕ ಸೇವೆಯು 2023ರ ಮಾರ್ಚ್ 11ರಂದು ಅವರ ನಿಧನದೊಂದಿಗೆ ಕೊನೆಗೊಂಡಿತು.

ಅದೇ ವರ್ಷ ಮೇ ತಿಂಗಳಿನಲ್ಲಿ ನಡೆದ ವಿಧಾನಸಭಾ ಚುನಾವಣೆಯಲ್ಲಿ ಶ್ರೀ ಎ.ಆರ್. ಕೃಷ್ಣಮೂರ್ತಿಯವರು ಕಾಂಗ್ರೆಸ್ ಅಭ್ಯರ್ಥಿಯಾಗಿ ಕೊಳ್ಳೇಗಾಲ ಕ್ಷೇತ್ರದಿಂದ 59 ಸಾವಿರಕ್ಕೂ ಹೆಚ್ಚಿನ ಅಂತರದಲ್ಲಿ ಆಯ್ಕೆಯಾದರು. ಅಂತರ 1 ಆಗಿರಲಿ, 59 ಸಾವಿರವಾಗಿರಲಿ, ಎಣಿಕೆಯ ಮೇಜಿಗೆ ಬರುವ ಪ್ರತಿ ಮತದ ಬೆಲೆ ಒಂದೇ. ತನ್ನ ಮತವೇ ಆ ಕೊನೆಯ ಮತವೆಂದು ಯಾವ ಮತದಾರರಿಗೂ ಮುಂಚಿತವಾಗಿ ತಿಳಿಯುವುದಿಲ್ಲ.

ಹಿಂದಿನ ಕ್ಷೇತ್ರದ ಮತದಾರರಿಗೆ ಸೂಚನೆಗಳು

1) ತಮ್ಮ ಹೆಸರನ್ನು ಈಗಿನ ಕ್ಷೇತ್ರದ ಪಟ್ಟಿಯಲ್ಲಿ ನೋಡಿಕೊಳ್ಳುವುದು. ಭಾರತ ಚುನಾವಣಾ ಆಯೋಗದ ಮತದಾರರ ಸೇವಾ ಪೋರ್ಟಲ್‌ನಲ್ಲಿ ಗುರುತಿನ ಚೀಟಿಯ ಸಂಖ್ಯೆ ಅಥವಾ ಹೆಸರಿನ ಮೂಲಕ ಹುಡುಕಬಹುದು. ಮತಗಟ್ಟೆ ಮಟ್ಟದ ಅಧಿಕಾರಿಯ ಬಳಿ ಅಥವಾ ತಾಲ್ಲೂಕು ಕಚೇರಿಯಲ್ಲಿಯೂ ಪಟ್ಟಿಯನ್ನು ಪರಿಶೀಲಿಸಬಹುದು. 1950 ಸಹಾಯವಾಣಿಗೆ ಕರೆ ಮಾಡಿಯೂ ಮಾಹಿತಿ ಪಡೆಯಬಹುದು.

2) 2008ಕ್ಕೆ ಮೊದಲಿನ ಮತದಾರರ ಪಟ್ಟಿಯಲ್ಲಿ ತಮ್ಮ ಅಥವಾ ಪೋಷಕರ ಹೆಸರನ್ನು ಹುಡುಕಬೇಕಾದವರು ಸಂತೇಮರಹಳ್ಳಿ ಕ್ಷೇತ್ರದ ಹೆಸರಿನಲ್ಲಿಯೇ ಹುಡುಕತಕ್ಕದ್ದು. ಆ ಪಟ್ಟಿಗಳು ಕೊಳ್ಳೇಗಾಲದ ಹೆಸರಿನಲ್ಲಿ ದೊರೆಯುವುದಿಲ್ಲ. ಹಳೆಯ ಭಾಗ ಸಂಖ್ಯೆ ಮತ್ತು ಕ್ರಮಸಂಖ್ಯೆಗಳು ಈಗಿನ ಸಂಖ್ಯೆಗಳಿಗೆ ಹೊಂದುವುದಿಲ್ಲ ಎಂಬುದನ್ನು ಗಮನಿಸುವುದು.

3) ಹೊಸದಾಗಿ ಹೆಸರು ಸೇರಿಸಲು ನಮೂನೆ 6 ಸಲ್ಲಿಸುವುದು. ಜನವರಿ 1, ಏಪ್ರಿಲ್ 1, ಜುಲೈ 1 ಮತ್ತು ಅಕ್ಟೋಬರ್ 1 ಎಂಬ ನಾಲ್ಕು ಅರ್ಹತಾ ದಿನಾಂಕಗಳಲ್ಲಿ ಯಾವುದಾದರೊಂದರಂದು 18 ವರ್ಷ ತುಂಬುವವರು ಅರ್ಹರು. 17 ವರ್ಷ ತುಂಬಿದವರು ಮುಂಗಡವಾಗಿ ಅರ್ಜಿ ಸಲ್ಲಿಸಬಹುದು. ವಯಸ್ಸು ಮತ್ತು ವಾಸಸ್ಥಳದ ದಾಖಲೆಗಳನ್ನು ಲಗತ್ತಿಸುವುದು.

4) ವಿಳಾಸ ಬದಲಾವಣೆ, ತಿದ್ದುಪಡಿ ಹಾಗೂ ಬದಲಿ ಗುರುತಿನ ಚೀಟಿಗಾಗಿ ನಮೂನೆ 8 ಸಲ್ಲಿಸುವುದು. 2022ರ ಆಗಸ್ಟ್ 1ರಿಂದ ಒಂದು ಕ್ಷೇತ್ರದಿಂದ ಇನ್ನೊಂದು ಕ್ಷೇತ್ರಕ್ಕೆ ಸ್ಥಳಾಂತರಗೊಂಡವರಿಗೂ ಇದೇ ನಮೂನೆ ಅನ್ವಯಿಸುತ್ತದೆ.

5) ಮೃತಪಟ್ಟವರ ಹೆಸರು ತೆಗೆಸಲು ಅಥವಾ ತಪ್ಪಾಗಿ ಸೇರಿರುವ ಹೆಸರಿಗೆ ಆಕ್ಷೇಪಣೆ ಸಲ್ಲಿಸಲು ನಮೂನೆ 7 ಬಳಸುವುದು.

6) ಅರ್ಜಿಗಳಿಗೆ ಶುಲ್ಕವಿರುವುದಿಲ್ಲ. ಸುಳ್ಳು ಘೋಷಣೆ ನೀಡುವುದು 1950ರ ಪ್ರಜಾಪ್ರತಿನಿಧಿ ಕಾಯಿದೆಯ 31ನೇ ಪ್ರಕರಣದಂತೆ ಶಿಕ್ಷಾರ್ಹ ಅಪರಾಧ.

7) ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆ ನಡೆಯುವ ಅವಧಿಯಲ್ಲಿ ಆಯೋಗವು ಹೊರಡಿಸುವ ಪ್ರತ್ಯೇಕ ಸೂಚನೆಗಳನ್ನು ಅನುಸರಿಸುವುದು.

ಪ್ರಶ್ನೋತ್ತರ

ಪ್ರಶ್ನೆ: ನನ್ನ ಗುರುತಿನ ಚೀಟಿಯಲ್ಲಿ ಸಂತೇಮರಹಳ್ಳಿ ಕ್ಷೇತ್ರ ಎಂದು ಮುದ್ರಿತವಾಗಿದೆ. ಇದನ್ನು ತೋರಿಸಿ ಮತ ಹಾಕಬಹುದೇ?
ಉತ್ತರ: ತಮ್ಮ ಹೆಸರು ಈಗಿನ ಮತಗಟ್ಟೆಯ ಪಟ್ಟಿಯಲ್ಲಿದ್ದು, ಚೀಟಿಯಿಂದ ತಮ್ಮ ಗುರುತು ಖಚಿತವಾಗುವಂತಿದ್ದಲ್ಲಿ ಬೇರೆ ಕ್ಷೇತ್ರದಲ್ಲಿ ನೀಡಲಾದ ಚೀಟಿಯನ್ನೂ ಒಪ್ಪಲಾಗುತ್ತದೆ. ಆದರೂ ಬದಲಿ ಚೀಟಿ ಪಡೆದುಕೊಳ್ಳುವುದು ಸೂಕ್ತ. ಚೀಟಿ ಇಲ್ಲದಿದ್ದಲ್ಲಿ ಆಯೋಗವು ಸೂಚಿಸಿರುವ ಇತರ ಭಾವಚಿತ್ರವಿರುವ ದಾಖಲೆಗಳಲ್ಲಿ ಒಂದನ್ನು ತೋರಿಸಬಹುದು.

ಪ್ರಶ್ನೆ: ನಾನು ಯಳಂದೂರಿನವನು. ಕೆಲಸಕ್ಕಾಗಿ ಬೆಂಗಳೂರಿನಲ್ಲಿ ಕುಟುಂಬ ಸಮೇತ ನೆಲೆಸಿದ್ದೇನೆ. ಎರಡೂ ಕಡೆ ಹೆಸರು ಇಟ್ಟುಕೊಳ್ಳಬಹುದೇ?
ಉತ್ತರ: ಇಲ್ಲ. 1950ರ ಕಾಯಿದೆಯ 17 ಮತ್ತು 18ನೇ ಪ್ರಕರಣಗಳಂತೆ ಒಂದಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ಅಥವಾ ಒಂದೇ ಕ್ಷೇತ್ರದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಹೆಸರು ಇರಕೂಡದು. ತಾವು ಸಾಮಾನ್ಯವಾಗಿ ಎಲ್ಲಿ ವಾಸಿಸುವಿರೋ ಅಲ್ಲಿ ಹೆಸರಿರಬೇಕು. ಊರಿನಲ್ಲಿ ಮನೆ ಅಥವಾ ಜಮೀನು ಇದ್ದ ಮಾತ್ರಕ್ಕೆ ಅಲ್ಲಿಯ ವಾಸಿ ಎಂದು ಪರಿಗಣಿಸಲಾಗುವುದಿಲ್ಲ.

ಪ್ರಶ್ನೆ: ನನ್ನ ಅರ್ಜಿ ತಿರಸ್ಕೃತವಾಗಿದೆ. ಮುಂದೇನು?
ಉತ್ತರ: ಮತದಾರರ ನೋಂದಣಾಧಿಕಾರಿಯ ಆದೇಶದ ವಿರುದ್ಧ 15 ದಿನಗಳೊಳಗೆ ಜಿಲ್ಲಾಧಿಕಾರಿಯವರಿಗೆ ಮೇಲ್ಮನವಿ ಸಲ್ಲಿಸಬಹುದು. ಅವರ ಆದೇಶದ ವಿರುದ್ಧ 30 ದಿನಗಳೊಳಗೆ ಮುಖ್ಯ ಚುನಾವಣಾಧಿಕಾರಿಯವರಿಗೆ ಎರಡನೇ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

ಪ್ರಶ್ನೆ: ಸಂತೇಮರಹಳ್ಳಿ ಹೆಸರಿನ ಕ್ಷೇತ್ರವನ್ನು ಮತ್ತೆ ರಚಿಸುವಂತೆ ಕೋರಿ ಅರ್ಜಿ ಸಲ್ಲಿಸಬಹುದೇ?
ಉತ್ತರ: ಕ್ಷೇತ್ರಗಳ ಗಡಿ ಮತ್ತು ಹೆಸರನ್ನು ಬದಲಾಯಿಸುವ ಅಧಿಕಾರ ನೋಂದಣಾಧಿಕಾರಿಗಳಿಗಿಲ್ಲ. ಪುನರ್‌ವಿಂಗಡಣಾ ಪ್ರಕ್ರಿಯೆ ನಡೆಯುವಾಗ ಕರಡು ಪ್ರಕಟವಾದ ನಂತರ ನಿಗದಿತ ಅವಧಿಯಲ್ಲಿ ಸಲಹೆ ಮತ್ತು ಆಕ್ಷೇಪಣೆಗಳನ್ನು ಸಲ್ಲಿಸಬಹುದು.

ಕೊನೆಯ ಮಾತು

ಜನಸಂಖ್ಯೆ ಬದಲಾದಂತೆ ಕ್ಷೇತ್ರಗಳು ಬರುತ್ತವೆ, ಹೋಗುತ್ತವೆ. ಸಂತೇಮರಹಳ್ಳಿ ಕ್ಷೇತ್ರವು ಹೋದರೂ ಅಲ್ಲಿಯ ಮತದಾರರ ಹಕ್ಕಿಗೆ ಕುಂದು ಬಂದಿಲ್ಲ. ಅದು ಬೇರೆ ಹೆಸರಿನ ಪಟ್ಟಿಗೆ ವರ್ಗವಾಗಿದೆ ಅಷ್ಟೆ. ಆ ಪಟ್ಟಿಯಲ್ಲಿ ತಮ್ಮ ಹೆಸರು ಸರಿಯಾಗಿ ಇದೆಯೇ ಎಂದು ನೋಡಿಕೊಳ್ಳಲು ಕೆಲವೇ ನಿಮಿಷಗಳು ಸಾಕು. 2004ರ ಎಣಿಕೆಯನ್ನು ನೆನಪಿನಲ್ಲಿಟ್ಟುಕೊಂಡು, ಚುನಾವಣೆ ಘೋಷಣೆಯಾಗುವವರೆಗೆ ಕಾಯದೆ, ಇಂದೇ ತಮ್ಮ ಹಾಗೂ ತಮ್ಮ ಕುಟುಂಬದವರ ಹೆಸರುಗಳನ್ನು ಪರಿಶೀಲಿಸಿಕೊಳ್ಳಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.